ಎಲ್ಲೆ ಇಲ್ಲದ ಅಂಕಿ

ಸಿಮೆಂಟ್ ಅಂಗಳದ ತಾಪಗಂಟೆ ಕೂಗಿತು. ಅರ್ಧಕ್ಕೆ ಎತ್ತಿದ್ದ ಚೀಲಗಳನ್ನು ಕ್ರೇನ್ ನಿಧಾನವಾಗಿ ನೆಲಕ್ಕಿಳಿಸಿ ತಾನಾಗಿಯೇ ನಿಂತಿತು. ಬೆಲ್ಟುಗಳು ನಿಂತವು. ಲಾರಿ ತುಂಬುತ್ತಿದ್ದ ಮಂದಿ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚುತ್ತ ತಂಪುಕೋಣೆಯ ಕಡೆ ನಡೆದರು. ಮೇಸ್ತ್ರಿಯ ಅಪ್ಪಣೆಗೆ ಯಾರೂ ಕಾಯಲಿಲ್ಲ. ಗಂಟೆ ಕೂಗಿದ ಮೇಲೆ ಕೆಲಸ ಮಾಡಿಸುವುದು ಅಪರಾಧ ಎಂಬ ಕಾನೂನು ಬಂದು ಹತ್ತು ವರ್ಷವಾಗಿತ್ತು.

ರಸ್ತೆಯ ಈಚೆ ಬದಿಗೆ, ನೆಲಕ್ಕೆ ಹಾಸುವ ಪರಸಿಕಲ್ಲು ತೆಗೆಯುವ ಕರಿಗುಡ್ಡದ ಗಣಿ. ಅಲ್ಲಿ ಗಂಟೆ ಕೂಗಲಿಲ್ಲ. ಗಣಿಯ ಬಾಯಲ್ಲಿದ್ದ ಫಲಕ 'ಮಧ್ಯಾಹ್ನ ೨ – ಬೇಗೆಯಂಕ ೩೦' ಎಂದು ತೋರಿಸುತ್ತಿತ್ತು. ಮಿತಿ ಮೂವತ್ತೆರಡು. ಕೆಳಗೆ ಕಲ್ಲಿನ ಬಾವಿಯಂಥ ಗುಂಡಿಯಲ್ಲಿ ಗರಗಸಗಳು ಓಡುತ್ತಲೇ ಇದ್ದವು. ಹಾಸುಗಲ್ಲು ಎಬ್ಬಿಸುತ್ತಿದ್ದ ಮಶಾಕ ಹಾರೆಯನ್ನು ಊರಿ ನಿಂತವನು ಒಂದು ಸಲ ಮೇಲಕ್ಕೆ ನೋಡಿ, ಏನೋ ಮರೆತವನಂತೆ ಕುಳಿತ. ಪಕ್ಕದ ಸಾಲಿನಲ್ಲಿದ್ದ ಅಕ್ಕ ಹುಸೇನಬಿ ಓಡಿಬಂದು ಅವನ ಹಣೆ ಮುಟ್ಟಿದಳು. ಹಣೆ ಒಣಗಿತ್ತು, ಬೆವರೇ ಇರಲಿಲ್ಲ. ನಾಲ್ಕು ಜನ ಅವನನ್ನು ಹೊತ್ತು ಮೇಲೆ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಗಣಿಯ ಕಂಪನಿ ಬರೆಸಿದ್ದು ಹೃದಯಾಘಾತ ಎಂದು. ಮ್ಯಾನೇಜರ್ ಬಾಯಿಮಾತಿಗೆ ಇನ್ನೊಂದು ಸೇರಿಸಿದ: ಮಶಾಕ ಬೆಳಿಗ್ಗೆಯೇ ಕುಡಿದು ಬಂದಿದ್ದ. ಮಶಾಕ ಹುಟ್ಟಿದಾಗಿನಿಂದ ಹೆಂಡದ ಹನಿ ಮುಟ್ಟಿದವನಲ್ಲ. ಹುಸೇನಬಿಗೆ ಸಾವಿಗಿಂತ ಆ ಮಾತು ಹೆಚ್ಚು ನಾಟಿತು.

ತಾಪಜಾಲವನ್ನು ಕಂಡುಹಿಡಿದ ಡಾ. ಜಗದೇವಿ ಮುತ್ತಗಿಗೆ ಸುದ್ದಿ ತಲುಪಿದ್ದು ಒಂದು ವಾರದ ಮೇಲೆ. ಕರಿಗುಡ್ಡದವರಂತೆ ಅವಳೂ ಕಲಬುರಗಿ ಕಡೆಯವಳೇ. ಸಾಸಿವೆಕಾಳಿನಷ್ಟು ಸಣ್ಣ ಸಂವೇದಕಗಳನ್ನು ಅವಳು ರೂಪಿಸಿದ್ದಳು. ಬಿಸಿಲಿನಿಂದಲೇ ಶಕ್ತಿ ಪಡೆದು ಅವು ಸುತ್ತಲಿನ ಗಾಳಿಯ ಬಿಸಿ, ಅದರಲ್ಲಿನ ತೇವ, ಮೇಲಿಂದ ಬೀಳುವ ಬಿಸಿಲಿನ ಹೊಡೆತ ಮೂರನ್ನೂ ಅಳೆಯುತ್ತಿದ್ದವು. ಮೂರನ್ನೂ ಕೂಡಿಸಿ ದುಡಿಯುವ ದೇಹಕ್ಕೆ ಎಷ್ಟು ತಟ್ಟುತ್ತದೆ ಎಂದು ಲೆಕ್ಕ ಹಾಕಿದರೆ ಬರುವ ಒಂದೇ ಸಂಖ್ಯೆ ಬೇಗೆಯಂಕ. ರಾಜ್ಯದ ನೆಲವನ್ನೆಲ್ಲ ಚೌಕಗಳಾಗಿ ಗೆರೆ ಎಳೆದು, ಒಂದೊಂದು ಚೌಕಕ್ಕೂ ಒಂದೊಂದು ಬೇಗೆಯಂಕ. ಅದು ಮಿತಿ ಮೀರಿದರೆ ಆ ಚೌಕದೊಳಗಿನ ಯಂತ್ರಗಳು ನಿಲ್ಲುತ್ತವೆ, ಗಂಟೆ ಕೂಗುತ್ತದೆ. ಜಾಲ ಬಂದ ಮೊದಲ ಬೇಸಿಗೆಗಳಲ್ಲಿ ಬಿಸಿಲಿಗೆ ಬಿದ್ದು ಸಾಯುವವರ ಸುದ್ದಿ ಎಷ್ಟು ಕಡಿಮೆಯಾಯಿತೆಂದರೆ, ಬಿಸಿಲಿನ ಸಾವು ಎಂಬುದೇ ಹಳೆಯ ಕಾಲದ ಮಾತು ಎಂದು ಬೆಂಗಳೂರಿನ ಮಂದಿ ನಂಬಿದರು. ಜಗದೇವಿಯೂ ಬಹುಮಟ್ಟಿಗೆ ನಂಬಿದ್ದಳು. ಜಾಲದ ನಿತ್ಯದ ಉಸ್ತುವಾರಿಯನ್ನು ತಾಪ ಸುರಕ್ಷಾ ಪ್ರಾಧಿಕಾರಕ್ಕೆ ಒಪ್ಪಿಸಿ ಅವಳು ಹೊಸ ಸಂವೇದಕಗಳ ಕೆಲಸಕ್ಕೆ ಹೋಗಿದ್ದಳು.

ಸಂವೇದಕ ಕೆಟ್ಟಿರಬೇಕು ಎಂದುಕೊಂಡೇ ಅವಳು ಕರಿಗುಡ್ಡಕ್ಕೆ ಬಂದಳು. ಕೈಯಲ್ಲಿನ ಮಾಪಕ ಹಿಡಿದು ಮಧ್ಯಾಹ್ನ ಗುಂಡಿಗಿಳಿದಳು. ಬಿಳಿಗಲ್ಲಿನ ಗೋಡೆಗಳು ನಾಲ್ಕೂ ಕಡೆಯಿಂದ ಬಿಸಿಲನ್ನು ತಿರುಗಿಸಿ ಎಸೆಯುತ್ತಿದ್ದವು. ಗಾಳಿ ಒಳಗೆ ಇಳಿಯುತ್ತಿರಲಿಲ್ಲ. ಮಾಪಕ ಮೂವತ್ತೈದು ತೋರಿಸಿತು. ಕಲ್ಲಿನ ಬಿರುಕಿನಲ್ಲಿದ್ದ ಜಾಲದ ಸಂವೇದಕವನ್ನು ನೇರವಾಗಿ ಓದಿದಳು. ಅದೂ ಮೂವತ್ತೈದನ್ನೇ ಹೇಳಿತು. ತಲೆಯೆತ್ತಿ ನೋಡಿದರೆ ಫಲಕದ ಮೇಲೆ ಮೂವತ್ತು.

ಹುಸೇನಬಿ ದೂರದಲ್ಲಿ ನಿಂತು ನೋಡುತ್ತಿದ್ದವಳು ಹತ್ತಿರ ಬಂದಳು. "ಮಷಿನ್ ಕೆಟ್ಟದೇನ್ರಿ, ಅಕ್ಕಾರ?"

"ಇಲ್ಲವ್ವ. ಮಷಿನ್ ಖರೇನೇ ಹೇಳಲತ್ತದ. ನಡುವ ಎಲ್ಲೋ ಯಾರೋ ಅದರ ಬಾಯಿ ಮುಚ್ಚ್ಯಾರ."

"ನನ್ನ ತಮ್ಮ ಕುಡದಿದ್ದ ಅಂತ ಹೇಳಲತ್ತಾರ. ಅದೊಂದು ಅಳಸಿ ಕೊಡ್ರಿ ನನಗ. ಮತ್ತೇನೂ ಬ್ಯಾಡ."

ಜಗದೇವಿ ಎರಡೂ ಅಂಕಿಗಳನ್ನು ಬರೆದುಕೊಂಡಳು. ಅದೇ ಸಂಜೆ ಬೆಂಗಳೂರಿನ ರೈಲು ಹತ್ತಿದಳು.

ಪ್ರಾಧಿಕಾರದ ದತ್ತಾಂಶ ಕಡತಗಳನ್ನು ತೆರೆದಾಗ ಅವಳಿಗೆ ಉತ್ತರ ಸಿಕ್ಕಿತು. ಅದು ಯಾರೋ ಬಚ್ಚಿಟ್ಟ ಗುಟ್ಟೇನಲ್ಲ. ಆದೇಶ ಹೊರಡಿಸಿ, ಸಹಿ ಹಾಕಿ ಮಾಡಿದ ಕೆಲಸ. ಜಾಲವನ್ನು ಕಟ್ಟಿದಾಗ ಜಗದೇವಿ ಒಂದು ನಿಯಮ ಮಾಡಿದ್ದಳು. ಯಾವ ಅಂಕಿಯೂ ಒಂಟಿಯಾಗಿ ಕಡತದಲ್ಲಿ ಇರಕೂಡದು. ಅದರ ಜೊತೆ ಅದರ ಎಲ್ಲೆಗಳೂ ಇರಬೇಕು. 'ಮಧ್ಯಾಹ್ನ ಎರಡು' ಎಂಬುದು ಅಂಕಿಗೆ ಇಟ್ಟ ಹೆಸರು ಮಾತ್ರ. ಆ ಅಂಕಿ ಎರಡು ಗಂಟೆಯ ಕ್ಷಣದ್ದೋ, ಒಂದರಿಂದ ಎರಡರವರೆಗಿನ ಸರಾಸರಿಯೋ, ಇಡೀ ದಿನದ್ದೋ ಎಂಬುದನ್ನು ಹೆಸರು ಹೇಳುವುದಿಲ್ಲ, ಎಲ್ಲೆ ಹೇಳುತ್ತದೆ. ಚೌಕದ ಮಾತೂ ಅಷ್ಟೇ. 'ಕರಿಗುಡ್ಡ' ಎಂದರೆ ಸಾಲದು, ನಾಲ್ಕು ಮೂಲೆ ಎಲ್ಲೆಲ್ಲಿ ಎಂದು ಬರೆದಿರಬೇಕು.

ಮೂರು ವರ್ಷಗಳ ಹಿಂದೆ ಪ್ರಾಧಿಕಾರ ಕಡತಗಳನ್ನು ಹಗುರ ಮಾಡುತ್ತೇವೆ ಎಂದು ಎಲ್ಲೆಗಳ ಜಾಗವನ್ನು ಖಾಲಿ ಬಿಟ್ಟಿತ್ತು. ಅದಾದ ಮೇಲೆ ಎಲ್ಲೆಗಳನ್ನು ಹಿಗ್ಗಿಸುವುದು ಸುಲಭವಾಯಿತು. ಒಂದು ಗಂಟೆಯ ಸರಾಸರಿ ಇದ್ದದ್ದು ಮುಂಜಾನೆಯಿಂದ ಆ ಹೊತ್ತಿನವರೆಗಿನ ಸರಾಸರಿಯಾಯಿತು. ಮುಂಜಾನೆಯ ತಂಪು ಮಧ್ಯಾಹ್ನದ ಬೆಂಕಿಯೊಳಗೆ ಬೆರೆಯಿತು. ಕರಿಗುಡ್ಡದ ಚೌಕ ಗಣಿಯಿಂದ ಆಚೆಗೆ ಚಾಚಿ, ಬೆಣ್ಣೂರು ಕೆರೆಯನ್ನೂ ಕೆರೆ ದಂಡೆಯ ಜಾಲಿ ತೋಪನ್ನೂ ನುಂಗಿತು. ಅಂಕಿಯ ಹೆಸರು ಮಾತ್ರ ಮೊದಲಿನದೇ.

ಅವಳು ನಿರ್ದೇಶಕ ಯತಿರಾಜರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ಮಾತು ಮೆಲ್ಲಗೆ, ಪ್ರತಿಯೊಂದಕ್ಕೂ ಕಾರಣ ಸಿದ್ಧ.

"ಗಂಟೆ ದಿನಾ ಕೂಗ್ತಿತ್ತು, ಡಾಕ್ಟರ್. ಒಂದು ಮೋಡ ಬಂದರೆ ನಿಲ್ಲೋದು, ಹೋದರೆ ಮತ್ತೆ ಕೂಗೋದು. ಗಣಿಯವರು ಬೇಸತ್ತು ಗಡಿ ದಾಟಿ ಜಾಲವೇ ಇಲ್ಲದ ಕಡೆ ಹೋಗ್ತೀವಿ ಅಂದರು. ಅಲ್ಲಿ ಕೂಲಿಯವರ ಪಾಡೇನು? ಅಂಕಿಗಳನ್ನ ಸ್ವಲ್ಪ ನಯ ಮಾಡಿದ್ವಿ. ಸರಾಸರಿ ಸುಳ್ಳಲ್ಲವಲ್ಲ."

"ಸುಳ್ಳಲ್ಲ. ಆದರೆ ಯಾವುದರ ಸರಾಸರಿ ಅಂತ ಹೇಳದೆ ಇದ್ದರೆ ನಿಜವೂ ಅಲ್ಲ. ಆ ಮೂವತ್ತರಲ್ಲಿ ಒಂದು ಕೆರೆ ಇದೆ ಸರ್. ಮಶಾಕ ಕೆರೆಯಲ್ಲಿ ಇರಲಿಲ್ಲ."

"ಕಾನೂನಿನಲ್ಲಿ 'ಚೌಕದ ಬೇಗೆಯಂಕ' ಅಂತ ಮಾತ್ರ ಇದೆ. ಚೌಕ ಎಷ್ಟು ದೊಡ್ಡದು, ಹೊತ್ತು ಎಷ್ಟು ಉದ್ದ ಅಂತ ಬರೆದಿಲ್ಲ."

"ಹಾಗಾದರೆ ಎಷ್ಟು ದೊಡ್ಡದು ಅಂತ ಫಲಕದ ಮೇಲೆ ಬರೆಯಿರಿ. ನಿಮ್ಮ ಸರಾಸರಿ ಇರಲಿ, ಅದರ ಪಕ್ಕದಲ್ಲಿ ಎಲ್ಲೆ ಇರಲಿ. ಅಷ್ಟೇ ನಾನು ಕೇಳ್ತಿರೋದು."

ಯತಿರಾಜರು ಕನ್ನಡಕ ತೆಗೆದು ಒರೆಸಿದರು. "ಜನಕ್ಕೆ ಅದೆಲ್ಲ ಗೊಂದಲ. ಅವರಿಗೆ ಒಂದು ಅಂಕಿ ಸಾಕು."

ಜಗದೇವಿ ಎದ್ದಳು. "ಜಾಲದ ಮೂಲ ತಂತ್ರಾಂಶ ಬದಲಿಸೋ ಅಧಿಕಾರ ಇನ್ನೂ ನನ್ನ ಹೆಸರಲ್ಲಿದೆ. ನಾಳೆ ಬೆಳಿಗ್ಗೆ ನಾನು ಎಲ್ಲ ಫಲಕಗಳಿಗೂ ಎಲ್ಲೆ ಹಾಕ್ತೀನಿ. ಕದ್ದು ಮಾಡೋದಿಲ್ಲ, ಅದಕ್ಕೇ ಹೇಳಿ ಹೋಗ್ತಿದ್ದೀನಿ. ಬದಲಾವಣೆಯ ಕಡತದಲ್ಲಿ ನನ್ನ ಹೆಸರೇ ಇರುತ್ತೆ."

"ಕೆಲಸ ಹೋಗುತ್ತೆ," ಎಂದರು ಅವರು. ಬೆದರಿಕೆಯ ದನಿಯಲ್ಲಲ್ಲ, ಹವಾಮಾನ ಹೇಳಿದ ಹಾಗೆ.

"ಹೋಗಲಿ."

ಅಧಿಕಾರ ಕಿತ್ತುಕೊಳ್ಳಲು ಸಮಿತಿ ಸೇರಬೇಕು, ಸಮಿತಿ ಸೇರಲು ಸೂಚನೆ ಹೋಗಬೇಕು. ಸರ್ಕಾರಿ ನಿಧಾನ ಆ ಒಂದು ದಿನ ಜಗದೇವಿಯ ಪಾಲಿಗೆ ಬಂತು. ಮರುದಿನ ಬೆಳಿಗ್ಗೆ ಜನ ಕೆಲಸಕ್ಕೆ ಬರುವ ಹೊತ್ತಿಗೆ ರಾಜ್ಯದ ಎಲ್ಲ ಫಲಕಗಳ ಮೇಲೂ ಅಂಕಿಯ ಕೆಳಗೆ ಎರಡು ಹೊಸ ಸಾಲು ಮೂಡಿದ್ದವು. ಆ ಮಧ್ಯಾಹ್ನ ಕರಿಗುಡ್ಡದ ಫಲಕ ಹೀಗೆ ಓದಿಸಿಕೊಂಡಿತು: 'ಬೇಗೆಯಂಕ ೩೦. ಬೆಳಿಗ್ಗೆ ಆರರಿಂದ ಈಗಿನವರೆಗಿನ ಸರಾಸರಿ. ಕರಿಗುಡ್ಡ ಗಣಿಯಿಂದ ಬೆಣ್ಣೂರು ಕೆರೆಯ ಆಚೆ ದಂಡೆಯವರೆಗೆ, ನೀರೂ ಸೇರಿ.'

ಗಣಿಯ ಮಂದಿ ಹಾರೆ ಹಿಡಿದೇ ಫಲಕದ ಮುಂದೆ ಗುಂಪುಗೂಡಿದರು. ಹುಸೇನಬಿ ಮೊದಲ ಸಾಲನ್ನು ಜೋರಾಗಿ ಓದಿದಳು. ಎರಡನೆಯದನ್ನು ಓದುವಾಗ ದನಿ ತಗ್ಗಿತು. ಮೂರನೆಯದನ್ನು ಮನಸ್ಸಿನಲ್ಲೇ ಓದಿಕೊಂಡು ಹಾರೆಯನ್ನು ನೆಲಕ್ಕೆ ಹಾಕಿದಳು. ಕಲ್ಲಿನ ಮೇಲೆ ಕಬ್ಬಿಣ ಬಿದ್ದ ಸದ್ದಿಗೆ ಮ್ಯಾನೇಜರ್ ಶೆಡ್ಡಿನಿಂದ ಹೊರಬಂದ.

"ಏನದು? ಮೂವತ್ತೇ ಅದ ನೋಡು. ಗಂಟಿ ಕೂಗಿಲ್ಲ."

"ಅದರಾಗ ಕೆರಿ ಸೇರ್ಸ್ಯಾರಂತ್ರಿ ಸಾಹೇಬ್ರ," ಎಂದಳು ಹುಸೇನಬಿ. "ಹಂಗಿದ್ರ ಕೆರೀನೇ ಬಂದು ಕಲ್ಲು ಒಡೀಲಿ. ನಾವು ದಂಡೀಗಿ ಹೋಗಿ ಕೂಡ್ತೇವಿ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮಶಾಕನನ್ನು ಮಣ್ಣು ಮಾಡಿದ ಮೇಲೆ ಆ ಗಣಿಯಲ್ಲಿ ಕೇಳಿದ ಮೊದಲ ನಗು ಅದು. ನಗುತ್ತಲೇ ಒಬ್ಬೊಬ್ಬರೂ ಹಾರೆ ಕೆಳಗಿಟ್ಟರು.

ಕೆರೆ ದಂಡೆ ದೂರ. ಹತ್ತಿರವಿದ್ದದ್ದು ರಸ್ತೆಯ ಆಚೆಗಿನ ಸಿಮೆಂಟ್ ಅಂಗಳ. ಅದು ಬೇರೆ ಚೌಕ. ಅದರೊಳಗೆ ಕೆರೆಯಿಲ್ಲದ್ದರಿಂದ ಸರಾಸರಿ ಹಾಕಿಯೂ ಅಂಕಿ ಮಿತಿ ಮೀರುತ್ತಿತ್ತು, ಆಗಲೇ ಗಂಟೆ ಕೂಗಿತ್ತು. ಎಲ್ಲೆಯ ಮೂಲೆಗಳನ್ನು ಮೊಬೈಲಿನ ನಕ್ಷೆಯಲ್ಲಿ ಹುಡುಕಿ, ಕಲ್ಲುಪುಡಿ ಚೆಲ್ಲುತ್ತ ಅವರು ರಸ್ತೆಯುದ್ದಕ್ಕೂ ಒಂದು ಬಿಳಿಗೆರೆ ಎಳೆದರು. ಗೆರೆಯ ಈ ಕಡೆ ದುಡಿಯಬೇಕು, ಆ ಕಡೆ ದುಡಿಸಿದರೆ ಜೈಲು. ನೆಲ ಒಂದೇ, ಬಿಸಿಲು ಒಂದೇ. ಗಣಿಯ ಮಂದಿಯೆಲ್ಲ ಬುತ್ತಿ ಹಿಡಿದು ಗೆರೆ ದಾಟಿದರು, ನಿಂತ ಲಾರಿಗಳ ನೆರಳಿನಲ್ಲಿ ರೊಟ್ಟಿ ಬಿಚ್ಚಿ ಕುಳಿತರು. ಮ್ಯಾನೇಜರ್ ಗೆರೆಯವರೆಗೆ ಬಂದು ನಿಂತ. ದಾಟಿ ಬಂದು ಕರೆದರೆ ಆ ಚೌಕದ ಕಾನೂನು ಅವನ ಮೇಲೆ ಬೀಳುತ್ತಿತ್ತು. ಅವನು ಬಹಳ ಹೊತ್ತು ಬಿಸಿಲಲ್ಲೇ ನಿಂತಿದ್ದ. ಕೊನೆಗೆ ಹುಸೇನಬಿಯೇ ಒಂದು ತಂಬಿಗೆ ನೀರು ತಂದು ಗೆರೆಯ ಮೇಲಿಟ್ಟಳು.

"ಕುಡೀರಿ. ನಿಮ್ಮ ಮೈಯಾಗೂ ಕೆರಿ ಇಲ್ಲ."

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಬಿಳಿಗೆರೆಯ ಚಿತ್ರ ಊರೂರು ಸುತ್ತಿತು. ಬಳ್ಳಾರಿಯ ಇಟ್ಟಿಗೆ ಭಟ್ಟಿಯವರು ತಮ್ಮ ಫಲಕದಲ್ಲಿ ಒಂದು ಕಾಡು ಸೇರಿರುವುದನ್ನು ಕಂಡರು. ರಾಯಚೂರಿನ ರಸ್ತೆ ಕೆಲಸದವರ ಸರಾಸರಿಯಲ್ಲಿ ಕಾಲುವೆಯಿತ್ತು. ಒಂದು ಊರಿನಲ್ಲಂತೂ ಚೌಕದೊಳಗೆ ಶೀತಲಗೃಹದ ಒಳಗಿದ್ದ ಸಂವೇದಕವನ್ನೂ ಎಣಿಸಿದ್ದರು.

ಆ ವಾರದ ಕೊನೆಗೆ ಸಮಿತಿ ಸೇರಿ ಜಗದೇವಿಯ ಅಧಿಕಾರ ಕಿತ್ತುಕೊಂಡಿತು, ಫಲಕಗಳ ಎಲ್ಲೆಗಳನ್ನು ಅಳಿಸಿತು. ಅಂಕಿ ಮತ್ತೆ ಒಂಟಿಯಾಯಿತು. ಆದರೆ ಆ ಹೊತ್ತಿಗೆ ಕೆಲಸ ಕೈಮೀರಿತ್ತು. ಕರಿಗುಡ್ಡದಲ್ಲಿ ಹುಸೇನಬಿ ಏಣಿ ಹತ್ತಿ ಫಲಕಕ್ಕೆ ಗೋಣಿಚೀಲ ಹೊದಿಸಿದಳು. "ಎಲ್ಲಿಂದ ಎಲ್ಲಿತನ ಅಂತ ಹೇಳದ ಅಂಕಿ ನಮಗ ಅಂಕೀನೇ ಅಲ್ಲ," ಎಂದಳು ಸುದ್ದಿಯವರ ಮುಂದೆ. ಎರಡು ದಿನಗಳಲ್ಲಿ ರಾಜ್ಯದ ತುಂಬ ಫಲಕಗಳು ಗೋಣಿ ಹೊದ್ದವು. ಅಂಕಿ ಓದುವವರಿಲ್ಲದೆ ಗಂಟೆಗೂ ಅರ್ಥ ಉಳಿಯಲಿಲ್ಲ. ಜನ ತಮಗೆ ಸಾಕೆನಿಸಿದಾಗ ಕೆಲಸ ನಿಲ್ಲಿಸತೊಡಗಿದರು.

ವಿಚಾರಣೆ ಬೆಂಗಳೂರಿನಲ್ಲಿ ನಡೆಯಿತು. ಹುಸೇನಬಿ ಜನರ ಸಾಲಿನಲ್ಲಿ ಬಂದು ಕುಳಿತಿದ್ದಳು. ಸಮಿತಿ ಜಗದೇವಿಗೆ ಸುಲಭದ ದಾರಿಯನ್ನೇ ತೋರಿಸಿತು: ಪರೀಕ್ಷೆಗೆಂದು ಮಾಡಿದ ಬದಲಾವಣೆ ಅಕಸ್ಮಾತ್ತಾಗಿ ಎಲ್ಲ ಫಲಕಗಳಿಗೂ ಹೋಯಿತು ಎಂದು ಒಪ್ಪಿದರೆ ಎಚ್ಚರಿಕೆ ಕೊಟ್ಟು ಬಿಡುತ್ತೇವೆ.

"ಅಕಸ್ಮಾತ್ತಲ್ಲ," ಎಂದಳು ಜಗದೇವಿ. "ಹಿಂದಿನ ದಿನ ನಿರ್ದೇಶಕರಿಗೆ ಹೇಳಿಯೇ ಮಾಡಿದೆ."

"ನೀವು ಜನರನ್ನು ಕೆರಳಿಸಿದ್ದೀರಿ."

"ನಾನು ಒಂದು ಅಂಕಿಯನ್ನೂ ಬದಲಿಸಲಿಲ್ಲ. ಮೂವತ್ತು ಮೂವತ್ತಾಗಿಯೇ ಇತ್ತು. ಅದು ಏನು ಅಂತ ಮಾತ್ರ ಹೇಳಿದೆ. ಅಂಕಿ ತಾನೇನು ಅಂತ ಹೇಳಿದ ಕೂಡಲೇ ಜನ ಕೆರಳೋದಾದರೆ, ತಪ್ಪು ಹೇಳಿದ್ದರಲ್ಲಿ ಇಲ್ಲ."

ಯತಿರಾಜರು ಮೇಜಿನ ಆ ತುದಿಯಿಂದ ಕೇಳಿದರು: "ಮತ್ತೆ ಅವಕಾಶ ಸಿಕ್ಕರೆ?"

"ಮತ್ತೆ ಇದನ್ನೇ ಮಾಡ್ತೀನಿ. ಇನ್ನೂ ಬೇಗ ಮಾಡ್ತೀನಿ."

ಅವಳನ್ನು ವಜಾ ಮಾಡಿದರು. ಹೊರಗೆ ಬಂದಾಗ ಹುಸೇನಬಿ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಕಲ್ಲಿನಿಂದ ದೊರಗಾದ ಕೈ. ಜಗದೇವಿಗೆ ಅಲ್ಲಿಯತನಕ ತಡೆದಿದ್ದ ಅಳು ಬಂತು.

ಕಾನೂನು ಬದಲಾದದ್ದು ಮಳೆಗಾಲದ ಅಧಿವೇಶನದಲ್ಲಿ. ಗೋಣಿ ಹೊದ್ದ ಫಲಕಗಳನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಬೇಸಿಗೆಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಬೇಗೆಯಂಕ ಎಂದರೆ ಒಂದು ಗಂಟೆಯ ಸರಾಸರಿ, ಜನ ದುಡಿಯುವ ಜಾಗದ್ದು ಮಾತ್ರ, ಎಲ್ಲೆಯಿಲ್ಲದೆ ಪ್ರಕಟಿಸಿದ ಅಂಕಿಗೆ ಬೆಲೆಯಿಲ್ಲ ಎಂದು ಬರೆದರು. ಹಳೆಯ ದತ್ತಾಂಶವನ್ನೆಲ್ಲ ಹೊಸ ಎಲ್ಲೆಗಳಲ್ಲಿ ಮತ್ತೆ ಲೆಕ್ಕ ಹಾಕಿದರು. ಮಶಾಕನ ಸಾವಿನ ಕಾರಣದ ಮುಂದೆ 'ಬಿಸಿಲ ಆಘಾತ' ಎಂದು ತಿದ್ದಿದರು. ಆ ಮೂರು ಬೇಸಿಗೆಗಳಲ್ಲಿ ಹಾಗೆ ತಿದ್ದಬೇಕಾದ ಹೆಸರುಗಳು ಎಷ್ಟೊಂದು ಇದ್ದವೆಂದು ಗೊತ್ತಾದ ದಿನ ಯತಿರಾಜರು ರಾಜೀನಾಮೆ ಕೊಟ್ಟರು. ಯಾರೂ ಅವರಿಂದ ಅದನ್ನು ಕೇಳಿರಲಿಲ್ಲ.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಗಣಿಯ ಕಂಪನಿ ಮುಂದಿನ ವರ್ಷ ಹೊಸ ಯೋಜನೆ ತಂದಿತು. ಚೌಕ ಚಿಕ್ಕದಾಗಬೇಕು ತಾನೆ, ಇನ್ನೂ ಚಿಕ್ಕದು ಮಾಡೋಣ: ಒಬ್ಬೊಬ್ಬರ ಚರ್ಮದ ಮೇಲೂ ಒಂದೊಂದು ಸಂವೇದಕ, ಒಂದೊಂದು ದೇಹವೂ ಒಂದೊಂದು ಚೌಕ. ಯಾರ ದೇಹ ಮಿತಿ ಮೀರಿತೋ ಅವರಷ್ಟೇ ಮನೆಗೆ ಹೋಗಲಿ. ಕೇಳಲು ನ್ಯಾಯವಾಗಿಯೇ ಇತ್ತು. ಅಷ್ಟು ನಿಖರವಾದ ಅಳತೆ ಜಗದೇವಿಯಲ್ಲಿದ್ದ ವಿಜ್ಞಾನಿಯನ್ನು ಒಂದು ಗಳಿಗೆ ಆಕರ್ಷಿಸಿತು ಕೂಡ. ಅಭಿಪ್ರಾಯ ಕೇಳಲು, ವಜಾ ಆದ ಮೇಲೆ ತಾನು ನೆಲೆಸಿದ್ದ ಕಲಬುರಗಿಗೆ ಬಂದ ಹುಸೇನಬಿಯ ಮುಂದೆ ಅವಳು ಅದನ್ನು ಮುಚ್ಚಿಡಲಿಲ್ಲ.

"ಅಳತಿ ಅಂತೂ ಪಕ್ಕಾ ಬರ್ತದ, ಹುಸೇನಬಿ. ಆದ್ರ ಯಾರ ಮೈ ಲಗೂ ಸೋಲ್ತದ ಅಂತ ಅವರಿಗಿ ಗೊತ್ತಾಗ್ತದ. ಮುಂದಿನ ಸಲ ಅಂಥವರಿಗಿ ಕೆಲಸಾನೇ ಕೊಡಂಗಿಲ್ಲ."

"ಬಸುರಿ ಹೆಂಗಸರು, ವಯಸ್ಸಾದವರು..."

"ಹೌದು. ಮೊದಲ ಅವರೇ."

ಹುಸೇನಬಿ ಯೋಚಿಸಲಿಲ್ಲ. "ಹಂಗಾದ್ರ ಬ್ಯಾಡ್ರಿ. ಕೆರಿ ಬ್ಯಾಡ ಅಂದೇವಿ, ಒಬ್ಬೊಬ್ಬರನ್ನ ಬಿಡಿಸಿ ಇಡ್ರಿ ಅಂತ ಅಂದಿಲ್ಲ. ಗೆರಿ ಎಲ್ಲಿ ಹಾಕಬೇಕಂಬೋದು ನಮ್ಮನ್ನ ಕೇಳಿ ಹಾಕಬೇಕು."

ಕರಿಗುಡ್ಡದವರು ಸಂವೇದಕ ಅಂಟಿಸಿಕೊಳ್ಳಲು ಒಪ್ಪಲಿಲ್ಲ. ಗಣಿಯ ಗುಂಡಿಯೊಂದು, ಅದರಲ್ಲಿ ದುಡಿಯುವವರೆಲ್ಲ ಒಂದು ಎಂಬ ಎಲ್ಲೆಯೇ ನಿಂತಿತು. ಗಂಟೆ ಕೂಗಿದರೆ ಗಟ್ಟಿಮೈಯವರೂ ಸೋತ ಮೈಯವರೂ ಒಟ್ಟಿಗೆ ಮೇಲೆ ಬರುತ್ತಿದ್ದರು. ಎಲ್ಲೆ ಹಾಕುವುದು ಬರೀ ಅಳತೆಯ ಕೆಲಸವಲ್ಲ, ಯಾರು ಯಾರ ಜೊತೆಗಿದ್ದಾರೆ ಎಂದು ಹೇಳುವ ಕೆಲಸ ಎಂದು ಜಗದೇವಿ ಆಮೇಲೆ ತನ್ನ ಪಾಠಗಳಲ್ಲಿ ಹೇಳತೊಡಗಿದಳು.

ಅವಳು ಕಲಬುರಗಿಯ ಕಾಲೇಜಿನಲ್ಲಿ ಅಳತೆಯ ಶಾಸ್ತ್ರ ಕಲಿಸುತ್ತಿದ್ದಳು. ಹೊಸ ತಲೆಮಾರಿನ ವಿದ್ಯಾರ್ಥಿಗಳಿಗೆ ಯಾವ ಅಂಕಿ ಕಂಡರೂ 'ಎಲ್ಲಿಂದ ಎಲ್ಲಿಯವರೆಗೆ' ಎಂದು ಕೇಳುವುದು ಉಸಿರಾಟದಷ್ಟು ಸಹಜವಾಗಿತ್ತು. ಒಂದು ದಿನ ಅವಳು ತರಗತಿಗೆ ಹಳೆಯ ಪತ್ರಿಕೆಯೊಂದನ್ನು ತಂದಳು. ಅವಳ ತಾಯಿ ಚಿಕ್ಕವಳಿದ್ದ ಕಾಲದ್ದು, ಎರಡು ಸಾವಿರದ ಇಪ್ಪತ್ತರ ದಶಕದ್ದು. ಮೂಲೆಯಲ್ಲಿ ಪುಟ್ಟ ಚೌಕಟ್ಟು, ಅದರಲ್ಲಿ ಊರಿನ ಹೆಸರು, ಪಕ್ಕದಲ್ಲಿ 'ಗರಿಷ್ಠ ಉಷ್ಣಾಂಶ ೪೨'.

"ಇದರ ಎಲ್ಲೆ ಎಲ್ಲಿದೆ?" ಎಂದು ಒಬ್ಬಳು ವಿದ್ಯಾರ್ಥಿನಿ ಕೂಡಲೇ ಕೇಳಿದಳು.

"ಬರೆದಿಲ್ಲ. ಆಗ ಇದನ್ನ ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯೊಳಗೆ ಅಳೀತಿದ್ರು. ನೆರಳಲ್ಲಿ, ಗಾಳಿಯಾಡೋ ಹಾಗೆ, ಹುಲ್ಲಿನ ನೆಲದ ಮೇಲೆ. ಆ ಪೆಟ್ಟಿಗೆಯ ಮಟ್ಟಿಗೆ ನಲವತ್ತೆರಡು ಖಂಡಿತ ನಿಜ."

"ಪೆಟ್ಟಿಗೆಯ ಹೊರಗೆ ಯಾರಿದ್ರು?"

ಜಗದೇವಿ ಆ ಪ್ರಶ್ನೆಯನ್ನು ಅವರಿಗೇ ಬಿಟ್ಟಳು. ಅವರು ಪತ್ರಿಕೆಯ ಉಳಿದ ಪುಟಗಳ ಚಿತ್ರಗಳನ್ನು ನೋಡುತ್ತ ಹೇಳತೊಡಗಿದರು: ಡಾಂಬರು ಹಾಕುವವರು, ತಗಡಿನ ಮನೆಯಲ್ಲಿ ಮಗು ಮಲಗಿಸುವವರು, ತಳ್ಳುಗಾಡಿಯವರು, ಬೈಕಿನ ಮೇಲೆ ಊಟ ತಲುಪಿಸುವವರು, ರಸ್ತೆ ಕೂಡುವಲ್ಲಿ ನಿಂತ ಪೊಲೀಸ್. ಪಟ್ಟಿ ಬೆಳೆಯುತ್ತ ಹೋಯಿತು.

"ಅವರೆಲ್ಲ ಈ ಅಂಕಿಯನ್ನ ದಿನಾ ನೋಡ್ತಿದ್ರಾ ಮೇಡಂ?" ಎಂದು ಹಿಂದಿನ ಸಾಲಿನವನು ಕೇಳಿದ.

"ನೋಡ್ತಿದ್ರು."

"ಇದು ಎಲ್ಲಿಯದು, ಯಾರದು ಅಂತ ಕೇಳಲಿಲ್ವಾ?"

ಜಗದೇವಿ ಪತ್ರಿಕೆಯನ್ನು ಮಡಿಚಿದಳು.

"ನಮ್ಮವ್ವ ಹೇಳ್ತಿದ್ದಳು. ಇವತ್ತು ಬಿಸಿಲು ಜಾಸ್ತಿ ಅಂತ ಒಬ್ಬರಿಗೊಬ್ಬರು ಅಂದುಕೊಂಡು ಕೆಲಸಕ್ಕೆ ಹೋಗ್ತಿದ್ರಂತೆ."